ಅಪ್ಪನ ಲಾರಿ ಘಾಟಿಯಲ್ಲಿ ಯಾಕೆ ನಿಧಾನ?



ಈ ಸಲ "ನಾನು ಕಂಡ ಸ್ಥಳ" ಅಂತ ಬರೆದುಕೊಂಡು ಬನ್ನಿ ಎಂದು ಮೇಷ್ಟ್ರು ಹೇಳಿದ್ದರು. ಎಲ್ಲರೂ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಬರೆದಿದ್ದಾರೆ. ನಾನು ಕಂಡ ಸ್ಥಳ ಶಿರಾಡಿ ಘಾಟಿ. ಅದನ್ನು ನಾನು ಬಸ್ಸಿನಲ್ಲಿ ನೋಡಲಿಲ್ಲ. ಅಪ್ಪನ ಲಾರಿಯಲ್ಲಿ ಮುಂದೆ ಕೂತು ನೋಡಿದೆ.

ನಮ್ಮಪ್ಪ ಲಾರಿ ಡ್ರೈವರ್ ಅಂತ ನಿಮಗೆಲ್ಲ ಗೊತ್ತೇ ಇದೆ. ಊರಿನಲ್ಲಿ ಅವರಿಗೆ "ಆಮೆ ಡ್ರೈವರ್" ಅಂತ ಹೆಸರಿಟ್ಟಿದ್ದಾರೆ. ನಮ್ಮ ಕ್ಲಾಸಿನವರೇ ಒಬ್ಬರು "ನಿಮ್ಮಪ್ಪನ ಲಾರಿಗಿಂತ ನಮ್ಮ ಎತ್ತಿನ ಗಾಡಿನೇ ಮುಂದೆ ಹೋಗುತ್ತೆ ಕಣೋ" ಅಂದರು. ಅವರ ಹೆಸರು ಬರೆಯೋದಿಲ್ಲ, ಅವರಿಗೇ ಗೊತ್ತು. ಆವತ್ತು ನಾವಿಬ್ಬರೂ ಜಗಳ ಮಾಡಿ, ಮೇಷ್ಟ್ರ ಹತ್ತಿರ ಬೈಸಿಕೊಂಡು, ಬೆಂಚಿನ ಮೇಲೆ ನಿಂತಿದ್ದೆವು. ನನಗೆ ನಾಚಿಕೆಯಾಗಿದ್ದು ಬೆಂಚಿನ ಮೇಲೆ ನಿಂತದ್ದಕ್ಕಲ್ಲ. ಅಪ್ಪನ ಮೇಲೇ ಸಿಟ್ಟು ಬಂದಿತ್ತು. ಬೇರೆ ಡ್ರೈವರುಗಳ ಹಾಗೆ ನಮ್ಮಪ್ಪ ಯಾಕೆ ಜೋರಾಗಿ ಓಡಿಸೋದಿಲ್ಲ?

ರಾತ್ರಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಅಪ್ಪ, ನಿಂಗೆ ಸ್ಪೀಡಾಗಿ ಓಡ್ಸಕ್ಕೆ ಭಯನಾ?" ಅಮ್ಮ ಕಣ್ಣು ಬಿಟ್ಟರು. ಅಪ್ಪ ಮುದ್ದೆ ಮುರಿಯುತ್ತಾ, "ಹೂಂ ಕಣಪ್ಪ, ಭಯನೇ. ದಸರಾ ರಜೆ ಬರ್ಲಿ, ನಿನ್ನೂ ಕರ್ಕಂಡು ಹೋಗ್ತೀನಿ. ಎಂಥ ಭಯ ಅಂತ ನೀನೇ ನೋಡು" ಅಂದರು.

ಹೀಗೆ ದಸರಾ ರಜೆಯಲ್ಲಿ ನಾನು ಮಂಗಳೂರಿಗೆ ಹೊರಟೆ. ಸಮುದ್ರ ನೋಡೋದು ಅಂತ ನನಗೆ ಬಹಳ ಖುಷಿ. ಸೂರ್ಯ ಮುಳುಗುವುದರೊಳಗೆ ಸಮುದ್ರ ಮುಟ್ಟಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ.

ಅಪ್ಪನದು ಹತ್ತು ಚಕ್ರದ ಲಾರಿ. ಮುಂದೆ ಎರಡು, ಹಿಂದೆ ಎಂಟು. ಲೋಡು ಸಿಮೆಂಟು. 50 ಕೆ.ಜಿ.ಯ 360 ಮೂಟೆ. ಗುಣಿಸಿದರೆ 18,000 ಕೆ.ಜಿ., ಅಂದರೆ 18 ಟನ್. ಲಾರಿಯ ತೂಕ ಬೇರೆ. ಇಂಥ ಲಾರಿ ಲೋಡು ಸೇರಿ 25 ಟನ್ ದಾಟಬಾರದು ಅಂತ ಮೊದಲು ಇತ್ತಂತೆ, 2018ರಲ್ಲಿ ಸರ್ಕಾರ ಅದನ್ನು 28.5 ಟನ್ನಿಗೆ ಏರಿಸಿತು. ಅಪ್ಪ ಅದಕ್ಕಿಂತ ಒಂದು ಮೂಟೆಯನ್ನೂ ಜಾಸ್ತಿ ಹಾಕಿಸೋದಿಲ್ಲ. ಕ್ಲೀನರ್ ಅಣ್ಣ ನನಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟರು.

ಆಲೂರು, ಬಾಳ್ಳುಪೇಟೆ ಆಯಿತು. ಸಕಲೇಶಪುರದಲ್ಲಿ ಹೇಮಾವತಿ ಹೊಳೆ ದಾಟಿದ ಮೇಲೆ ಅಪ್ಪ ಲಾರಿ ಪಕ್ಕಕ್ಕೆ ಹಾಕಿದರು. ಟೀ ಕುಡಿಯೋಕೆ ಅಂದುಕೊಂಡೆ. ಟೀ ಆಮೇಲೆ. ಮೊದಲು ಕಬ್ಬಿಣದ ರಾಡು ತಗೊಂಡು ಹತ್ತೂ ಟೈರಿಗೆ ಹೊಡೆದು ಸದ್ದು ಕೇಳಿದರು. ಗಾಳಿ ಸರಿಯಿದ್ದರೆ ಒಂದು ಸದ್ದು, ಇಳಿದಿದ್ದರೆ ಮೆತ್ತಗೆ ಇನ್ನೊಂದು ಸದ್ದು. ಕ್ಲೀನರ್ ಅಣ್ಣ ಲಾರಿ ಕೆಳಗೆ ತೂರಿ ಗಾಳಿ ಟ್ಯಾಂಕಿನ ನೀರು ಬಿಟ್ಟರು. ಲಾರಿಯ ಬ್ರೇಕು ಗಾಳಿಯಿಂದ ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತಾಗಿದ್ದೇ ಆವಾಗ. ಎಂಜಿನ್ನಿನ ಹತ್ತಿರ ಕಂಪ್ರೆಸರ್ ಇರುತ್ತದೆ, ಅದು ಟ್ಯಾಂಕಿಗೆ ಗಾಳಿ ತುಂಬುತ್ತದೆ. ಪೆಡಲ್ ಒತ್ತಿದರೆ ಆ ಗಾಳಿ ಹೋಗಿ ಚಕ್ರದ ಡ್ರಮ್ಮಿನೊಳಗಿನ ಲೈನರನ್ನು ಅಗಲಿಸುತ್ತದೆ. ಲೈನರು ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಎಲ್ಲೂ ಗಾಳಿ ಸೋರಬಾರದು. ನಾನು "ಲೇಟಾಗುತ್ತೆ ಅಪ್ಪ" ಅಂತ ಎರಡು ಸಲ ಹೇಳಿದೆ. ಅಪ್ಪ ಕೇಳಿಸಿಕೊಳ್ಳಲಿಲ್ಲ.

ದೋಣಿಗಾಲ್ ಕಳೆದ ಮೇಲೆ ಇಳಿಜಾರು ಬಂತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಾಡು ತುಂಬಿದ ಕಂದಕ. ಮರಗಳ ತುದಿ ನಮ್ಮ ಲಾರಿಯ ಚಕ್ರಕ್ಕಿಂತ ಕೆಳಗೆ ಕಾಣುತ್ತಿತ್ತು! ಹೆಗ್ಗದ್ದೆಯಿಂದ ಅಡ್ಡಹೊಳೆವರೆಗೆ 26 ಕಿಲೋಮೀಟರ್ ದಾರಿಗೆ 2015ರಲ್ಲಿ ಅರ್ಧ, 2018ರಲ್ಲಿ ಇನ್ನರ್ಧ ಕಾಂಕ್ರೀಟ್ ಹಾಕಿದ್ದಾರೆ. ಆಗ ಎರಡು ಸಲವೂ ತಿಂಗಳುಗಟ್ಟಲೆ ಘಾಟಿ ಮುಚ್ಚಿದ್ದರಂತೆ. "ಈಗ ರೋಡು ಚೆನ್ನಾಗೈತಲ್ಲ ಅಪ್ಪ, ಜೋರಾಗಿ ಹೋಗ್ಬೋದಲ್ಲ" ಅಂದೆ. ಅಪ್ಪ ನಕ್ಕು, "ಮೊದ್ಲು ಗುಂಡಿಗಳೇ ಬ್ರೇಕ್ ಹಾಕವು ಮಗ. ಈಗ ನಾವೇ ಹಾಕ್ಬೇಕು" ಅಂದರು.

ಇಳಿಜಾರು ಶುರುವಾಗುವ ಮೊದಲೇ ಅಪ್ಪ ಮೂರನೇ ಗೇರಿಗೆ ಹಾಕಿದ್ದರು. ಲಾರಿ ಗುರ್ ಗುರ್ ಅಂತ 20 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತಿತ್ತು. ಆಕ್ಸಿಲರೇಟರ್ ಮೇಲೆ ಅಪ್ಪನ ಕಾಲೇ ಇರಲಿಲ್ಲ. ಬ್ರೇಕ್ ಮೇಲೂ ಇರಲಿಲ್ಲ. ಹಾಗಾದರೆ ಲಾರಿಯನ್ನು ಹಿಡಿದಿರುವುದು ಯಾರು? ನಾನು ಕೇಳಿದೆ. ಅಪ್ಪ ಹೇಳಿದ್ದು ಹೀಗೆ. ಗೇರಿನಲ್ಲಿ ಇದ್ದರೆ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕು. ಎಂಜಿನ್ ತಿರುಗಿಸೋದು ಸುಲಭವಲ್ಲ, ಅದು ಚಕ್ರವನ್ನು ಹಿಡಿದು ಎಳೆಯುತ್ತದೆ. ಗೇರು ಎಷ್ಟು ಸಣ್ಣದೋ ಎಳೆತ ಅಷ್ಟು ಜಾಸ್ತಿ. ಅದರ ಜೊತೆಗೆ ಒಂದು ಸ್ವಿಚ್ ಒತ್ತಿದರು, ಎಂಜಿನ್ ಸದ್ದು ಗೊಗ್ಗರಾಯಿತು. ಅದು ಎಕ್ಸಾಸ್ಟ್ ಬ್ರೇಕ್. ಹೊಗೆ ಹೋಗುವ ಕೊಳವೆಗೆ ಒಂದು ಮುಚ್ಚಳ ಅಡ್ಡ ಬಂದು ಎಂಜಿನ್ನಿಗೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಆಗ ಲಾರಿ ಇನ್ನೂ ನಿಧಾನ ಆಗುತ್ತದೆ. ಈ ಎರಡರಲ್ಲೂ ಚಕ್ರದ ಲೈನರು ಸವೆಯೋದಿಲ್ಲ, ಕಾಯೋದೂ ಇಲ್ಲ.

"ಘಾಟಿ ಹತ್ತಕ್ಕೆ ಯಾವ ಗೇರು ಬೇಕೋ, ಇಳಿಯಕ್ಕೂ ಅದೇ ಗೇರು, ಇಲ್ಲಾ ಅದಕ್ಕಿಂತ ಸಣ್ಣದು" ಅಂತ ಅಪ್ಪನಿಗೆ ಅವರ ಗುರುಗಳು, ಅಂದರೆ ಅಪ್ಪ ಕ್ಲೀನರ್ ಆಗಿದ್ದಾಗಿನ ಡ್ರೈವರು, ಹೇಳಿಕೊಟ್ಟಿದ್ದರಂತೆ.

ವೇಗ ಸ್ವಲ್ಪ ಏರಿದರೆ ಮಾತ್ರ ಅಪ್ಪ ಬ್ರೇಕ್ ಗಟ್ಟಿಯಾಗಿ ಒತ್ತಿ, ವೇಗ ಇಳಿದ ಕೂಡಲೇ ಬಿಟ್ಟುಬಿಡುತ್ತಿದ್ದರು. ಕಾಲನ್ನು ಬ್ರೇಕ್ ಮೇಲೇ ಇಟ್ಟುಕೊಂಡರೆ ಲೈನರು ಕಾದುಹೋಗುತ್ತದೆ. ಸುಮ್ಮನೆ ಪುಸ್ ಪುಸ್ ಅಂತ ಮೇಲಿಂದ ಮೇಲೆ ಒತ್ತಿದರೆ ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ. ತಿರುವು ಬರುವ ಮುಂಚೆಯೇ ವೇಗ ಇಳಿಸಿ, ಹಾರ್ನ್ ಹೊಡೆದು, ಅಗಲವಾಗಿ ತಿರುಗಿಸುತ್ತಿದ್ದರು. ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರೋದಿಲ್ಲ, ಒಳಗಡೆಗೆ ಕೊಯ್ದುಕೊಂಡು ಬರುತ್ತದೆ ಅಂತ ಕನ್ನಡಿಯಲ್ಲಿ ತೋರಿಸಿದರು. ಒಂದು ಕಡೆ ಎದುರಿಗೆ ಟ್ಯಾಂಕರ್ ಏದುಸಿರು ಬಿಡುತ್ತಾ ಹತ್ತುತ್ತಿತ್ತು. ಪಕ್ಕದಲ್ಲಿ ಮಣ್ಣು ಕುಸಿದು ಜಾಗ ಕಡಿಮೆ ಇತ್ತು. ಅಪ್ಪ ನಿಲ್ಲಿಸಿ ಬಿಟ್ಟುಕೊಟ್ಟರು. ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು ಅನ್ನೋದು ಕಾನೂನು.

ಇಷ್ಟೆಲ್ಲ ಹೇಳಿದರೂ ನನಗೆ ಸಮಾಧಾನ ಇಲ್ಲ. ನಮ್ಮನ್ನು ಹಿಂದೆ ಹಾಕಿ ಹೋದ ಗಾಡಿಗಳನ್ನು ನಾನು ಎಣಿಸುತ್ತಿದ್ದೆ. ಮಾರನಹಳ್ಳಿ ಬರುವಷ್ಟರಲ್ಲಿ 31 ಆಗಿತ್ತು. ಮೂವತ್ತೆರಡನೆಯದು ನಮ್ಮ ಹಾಗೇ ಹತ್ತು ಚಕ್ರದ ಲಾರಿ. ತುಂಬಾ ಎತ್ತರಕ್ಕೆ ಲೋಡು ಮಾಡಿ ಟಾರ್ಪಾಲು ಕಟ್ಟಿದ್ದರು. ಸುಂಯ್ ಅಂತ ಪಕ್ಕದಲ್ಲೇ ಹೋಯಿತು. "ನೋಡಪ್ಪ, ಅದೂ ನಿನ್ನಂಥದ್ದೇ ಲಾರಿ!" ಅಂದೆ. ಅಪ್ಪ, "ಸದ್ದು ಕೇಳಿಸ್ತಾ ನಿಂಗೆ?" ಅಂದರು. ಎಂಜಿನ್ ಸದ್ದೇ ಇರಲಿಲ್ಲ. ಗಾಳಿ ಸದ್ದು, ಟೈರಿನ ಸದ್ದು ಅಷ್ಟೇ. "ನ್ಯೂಟ್ರಲ್ಲಿಗೆ ಹಾಕವ್ರೆ. ಡೀಸೆಲ್ ಉಳಿಯುತ್ತೆ ಅಂತ."

ಡೀಸೆಲ್ ಉಳಿದರೆ ಒಳ್ಳೇದಲ್ವಾ ಅಂತ ಕೇಳಿದೆ. ಅಪ್ಪ ಹೇಳಿದರು, ಈಗಿನ ಹೊಸ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿದರೆ ಎಂಜಿನ್ನಿಗೆ ಡೀಸೆಲ್ಲೇ ಹೋಗೋದಿಲ್ಲ, ಚಕ್ರವೇ ಅದನ್ನು ತಿರುಗಿಸುತ್ತೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರಿಹೋಗದ ಹಾಗೆ ಸ್ವಲ್ಪ ಡೀಸೆಲ್ ಕುಡಿಯುತ್ತಲೇ ಇರುತ್ತೆ. ಉಳಿತಾಯ ಅನ್ನೋದು ಹಳೇ ನಂಬಿಕೆ. ಕೆಲವರು ಎಂಜಿನ್ನನ್ನೇ ಆಫ್ ಮಾಡುತ್ತಾರಂತೆ. ಆಗ ಸ್ಟೇರಿಂಗ್ ಬಿಗಿಯಾಗಿಬಿಡುತ್ತೆ, ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಂತುಹೋಗುತ್ತೆ. ಒಂದು ಸಲ ನ್ಯೂಟ್ರಲ್ಲಿನಲ್ಲಿ ವೇಗ ಏರಿತು ಅಂದರೆ ತಿರುಗಿ ಸಣ್ಣ ಗೇರು ಬೀಳೋದಿಲ್ಲ. ಆಮೇಲೆ ಬ್ರೇಕು ಒಂದೇ ಗತಿ.

ಅದಾಗಿ ಹತ್ತು ನಿಮಿಷ ಆಗಿರಬಹುದು. ರಬ್ಬರು, ಕೂದಲು ಸುಟ್ಟ ಹಾಗೆ ವಾಸನೆ ಬಂತು. ನಮ್ಮ ಲಾರಿಯದೇ ಅಂತ ನಾನು ಹೆದರಿದೆ. ತಿರುವು ದಾಟಿದರೆ ಆ ಲಾರಿ ಗುಡ್ಡಕ್ಕೆ ಒರಗಿ ನಿಂತಿದೆ. ಮುಂದಿನ ಗಾಜು ಪುಡಿ. ಒಂದು ಬದಿ ಪೂರ್ತಿ ಉಜ್ಜಿಹೋಗಿದೆ. ಹಿಂದಿನ ಚಕ್ರಗಳಿಂದ ಬಿಳಿ ಹೊಗೆ ಏಳುತ್ತಿತ್ತು.

ಅಪ್ಪ ಲಾರಿಯನ್ನು ಮುಂದೆ ಅಗಲ ಇರುವ ಜಾಗಕ್ಕೆ ತಗೊಂಡು ಹೋಗಿ ನಿಲ್ಲಿಸಿದರು. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲೇ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿಸಿದರು. "ಕೆಳಗಿಳಿಬೇಡ" ಅಂತ ಹೇಳಿದ್ದರು, ಆದರೆ ನಾನು ಇಳಿದೆ. ಕ್ಲೀನರ್ ಅಣ್ಣ ಮೇಲಿನ ತಿರುವಿಗೆ ಓಡಿ ಸೊಪ್ಪಿನ ಕೊಂಬೆ ಮುರಿದು ದಾರಿಯಲ್ಲಿ ಇಟ್ಟು, ಬರುವ ಗಾಡಿಗಳಿಗೆ ಟವೆಲ್ ಬೀಸಿದರು. ಆ ಲಾರಿಯ ಕ್ಲೀನರ್ ಹುಡುಗ ಬಕೆಟ್ಟಿನಲ್ಲಿ ನೀರು ತಂದು ಚಕ್ರಕ್ಕೆ ಎರಚಲು ಹೋಗುತ್ತಿದ್ದ. ಅಪ್ಪ "ಏಯ್, ಬ್ಯಾಡ! ಡ್ರಮ್ಮು ಸೀಳಿಬಿಡುತ್ತೆ!" ಅಂತ ಕೂಗಿದರು. ಕೆಂಪಗೆ ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ, ತಾನಾಗೇ ಆರಬೇಕು.

ಡ್ರೈವರ್ ಒಂದು ಕಲ್ಲಿನ ಮೇಲೆ ಕೂತಿದ್ದರು. ನಮ್ಮಪ್ಪನಷ್ಟೇ ವಯಸ್ಸು. ಬಲಗೈ ಜೋತುಬಿದ್ದಿತ್ತು. ಮೈಯೆಲ್ಲಾ ಗಡಗಡ ನಡುಗುತ್ತಿತ್ತು. "ಬ್ರೇಕ್ ಒತ್ತುದ್ರೆ ಒಳಗೆ ಏನೂ ಇಲ್ಲ ಅಣ್ಣ, ಏನೂ ಇಲ್ಲ" ಅಂತ ಅದನ್ನೇ ಹೇಳುತ್ತಿದ್ದರು. ಕಾದ ಲೈನರಿಗೆ ಹಿಡಿತ ಇರೋದಿಲ್ಲ. ಡ್ರಮ್ಮು ಕೂಡ ಕಾದು ಹಿಗ್ಗಿ ಲೈನರಿನಿಂದ ದೂರ ಹೋಗುತ್ತದೆ. ಪುಣ್ಯಕ್ಕೆ ಅವರು ಕಂದಕದ ಕಡೆಗೆ ಬಿಡದೆ ಗುಡ್ಡದ ಕಡೆಗೆ ತಿರುಗಿಸಿ ಉಜ್ಜಿಸಿದ್ದರು. ಅದರಿಂದ ಜೀವ ಉಳಿಯಿತು. ಎದುರಿಗೆ ಆ ಹೊತ್ತಿನಲ್ಲಿ ಬಸ್ಸು ಬಂದಿದ್ದರೆ ಏನಾಗುತ್ತಿತ್ತೋ.

ಮೊಬೈಲಿನಲ್ಲಿ ಒಂದೇ ಒಂದು ಕಡ್ಡಿ ಸಿಗ್ನಲ್ ಇತ್ತು. ಅಪ್ಪ 108ಕ್ಕೆ ಫೋನ್ ಮಾಡಿದರು. ಅಷ್ಟರಲ್ಲಿ ಆ ಡ್ರೈವರಿನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅವರಿಗೆ ಕೈ ಎತ್ತಲು ಆಗಲಿಲ್ಲ. ಅಪ್ಪನೇ ತೆಗೆದು ನೋಡಿ ಮಾತಾಡಿದರು. "ಗಾಡಿ ಕೆಟ್ಟೈತೆ ಕಣಮ್ಮ, ರಿಪೇರಿ ಮಾಡ್ತಾವ್ರೆ. ಆಮೇಲೆ ಅವ್ರೇ ಫೋನ್ ಮಾಡ್ತಾರೆ. ಏನೂ ಆಗಿಲ್ಲ" ಅಂದರು. ನಮ್ಮಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಕಡೆ ಮಾತಾಡಿದ್ದು ಅವರ ಮನೆಯವರೋ, ಮಗಳೋ ನನಗೆ ಗೊತ್ತಾಗಲಿಲ್ಲ. ಆದರೆ ನನಗೆ ಅಮ್ಮನ ನೆನಪು ಬಂತು. ಅಮ್ಮನೂ ಸಾಯಂಕಾಲ ಆದರೆ ಹೀಗೇ ಫೋನ್ ಮಾಡುತ್ತಾರೆ. ಎಷ್ಟು ಸಲ ಅಪ್ಪ "ಗಾಡಿ ಕೆಟ್ಟೈತೆ" ಅಂತ ಹೇಳಿದ್ದಾರೆ! ಆವಾಗೆಲ್ಲ ನಿಜವಾಗಿಯೂ ಗಾಡಿಯೇ ಕೆಟ್ಟಿತ್ತಾ?

ಆಂಬುಲೆನ್ಸ್ ಬಂದು ಅವರನ್ನು ಕರೆದುಕೊಂಡು ಹೋದ ಮೇಲೆ ನಾವು ಹೊರಟೆವು. ಹೊರಡುವಾಗ ಕ್ಲೀನರ್ ಅಣ್ಣ ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ಮರೆಯದೆ ರಸ್ತೆಯ ಆಚೆಗೆ ಹಾಕಿದರು. ಎಷ್ಟೋ ಜನ ಅದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ, ರಾತ್ರಿ ಬೈಕಿನವರು ಗುದ್ದಿ ಬೀಳುತ್ತಾರೆ.

ನಾನು ಬಹಳ ಹೊತ್ತು ಮಾತಾಡಲಿಲ್ಲ. ಕೆಂಪುಹೊಳೆ ಕಳೆದ ಮೇಲೆ ಅಪ್ಪನೇ, "ಭಯ ಅಂದ್ಯಲ್ಲ, ಇದೇ ನೋಡು ಭಯ. ಈ ಭಯ ಇರೋವರ್ಗೂ ನಾನು ಮನೆಗೆ ಬತ್ತೀನಿ" ಅಂದರು. ನಾನು ಗಾಡಿ ಎಣಿಸೋದನ್ನು ಅಷ್ಟೊತ್ತಿಗೆ ಬಿಟ್ಟಿದ್ದೆ.

ಮಂಗಳೂರು ಮುಟ್ಟಿದಾಗ ಕತ್ತಲಾಗಿತ್ತು. ಸೂರ್ಯ ಮುಳುಗುವುದು ನೋಡಲಿಲ್ಲ. ಮಾರನೇ ದಿನ ಲೋಡು ಇಳಿಸಿದ ಮೇಲೆ ಅಪ್ಪ ಪಣಂಬೂರಿಗೆ ಕರೆದುಕೊಂಡು ಹೋಗಿ ಸಮುದ್ರ ತೋರಿಸಿದರು. ಸಮುದ್ರದ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ.

ಮನೆಗೆ ಬಂದ ಮೇಲೆ ಅಮ್ಮನ ಹತ್ತಿರ ಎಲ್ಲಾ ಹೇಳಿದೆ. ಆಗ ಅಮ್ಮ ಒಂದು ವಿಷಯ ಹೇಳಿದರು. ಎರಡು ವರ್ಷದ ಹಿಂದೆ ಅಪ್ಪ ಎರಡು ತಿಂಗಳು ಮನೆಯಲ್ಲೇ ಇದ್ದರು. ನನಗೆ ಆಗ ಅಪ್ಪ ಮನೆಯಲ್ಲಿದ್ದಾರೆ ಅಂತ ಖುಷಿಯೋ ಖುಷಿ. ನಿಜವಾಗಿ ಆಗಿದ್ದೇನೆಂದರೆ, ಹಳೇ ಮಾಲೀಕರು ಲೋಡು ಜಾಸ್ತಿ ಹಾಕಿಕೊಂಡು ರಾತ್ರಿಯೇ ಘಾಟಿ ಇಳಿ ಅಂದರಂತೆ. ಅಪ್ಪ ಆಗಲ್ಲ ಅಂದರಂತೆ. ಕೆಲಸ ಬಿಡಿಸಿದರು. ಆ ಎರಡು ತಿಂಗಳು ಅಮ್ಮನ ಓಲೆ ಗಿರವಿ ಇಟ್ಟು ನಮ್ಮ ಮನೆ ನಡೆಯಿತು. ನಾನು ಆವಾಗ ಕ್ರಿಕೆಟ್ ಬ್ಯಾಟು ಬೇಕು ಅಂತ ಅತ್ತು ಗಲಾಟೆ ಮಾಡಿದ್ದೆ. ಈಗಲೂ ಓವರ್‌ಲೋಡ್ ಹಾಕದೆ ಇರೋದಕ್ಕೆ, ನಿದ್ದೆ ಬಂದರೆ ನಿಲ್ಲಿಸಿ ಮಲಗೋದಕ್ಕೆ ಅಪ್ಪನಿಗೆ ಬೇರೆಯವರಿಗಿಂತ ದುಡ್ಡು ಕಡಿಮೆಯೇ ಬರುತ್ತದೆ. ನಿಧಾನಕ್ಕೂ ದುಡ್ಡು ಕೊಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಆ ದುಡ್ಡನ್ನು ಅಪ್ಪ ಅಮ್ಮ ನಮಗೆ ಹೇಳದೆ ಕೊಡುತ್ತಿದ್ದಾರೆ.

ಶಾಲೆ ಶುರುವಾದ ಮೇಲೆ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದರು. 28.5 ಟನ್ ಲಾರಿ 700 ಮೀಟರ್ ಎತ್ತರದಿಂದ ಕೆಳಗೆ ಬಂದರೆ, ಆ ಶಕ್ತಿಯೆಲ್ಲ ಶಾಖವಾದರೆ, 500 ಲೀಟರಿಗೂ ಹೆಚ್ಚು ತಣ್ಣೀರು ಕುದಿಯುತ್ತದೆ! ನಮ್ಮ ಮನೆಯ ಹಂಡೆ 40 ಲೀಟರಿನದು. ಅಂದರೆ ಹನ್ನೆರಡು ಹಂಡೆಗೂ ಹೆಚ್ಚು. ಸ್ವಲ್ಪ ಶಾಖ ಟೈರಿಗೂ ಗಾಳಿಗೂ ಹೋಗುತ್ತದೆ. ಉಳಿದದ್ದನ್ನು ಎಂಜಿನ್ ತಡೆದುಕೊಳ್ಳದಿದ್ದರೆ ಎಲ್ಲವೂ ಬ್ರೇಕಿನ ಮೇಲೇ ಬೀಳುತ್ತದೆ. ಇನ್ನೊಂದು ಲೆಕ್ಕ, ವೇಗ ಎರಡರಷ್ಟು ಆದರೆ ನಿಲ್ಲಿಸಲು ಬೇಕಾದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು.

ನಾನೂ ಒಂದು ಲೆಕ್ಕ ಮಾಡಿದೆ. 26 ಕಿಲೋಮೀಟರ್ ದಾರಿಯನ್ನು 20ರ ವೇಗದಲ್ಲಿ ಹೋದರೆ 78 ನಿಮಿಷ. 40ರ ವೇಗದಲ್ಲಿ ಹೋದರೆ 39 ನಿಮಿಷ. ಉಳಿಯೋದು 39 ನಿಮಿಷ. ನಮ್ಮ ಶಾಲೆಯ ಒಂದು ಪೀರಿಯಡ್ಡಿನಷ್ಟು. ಅಷ್ಟಕ್ಕೆ ಆ ಡ್ರೈವರಿನ ಕೈ ಮುರಿಯಿತು.

ಗೆಳೆಯರೇ, ನಾವು ಲಾರಿ ಓಡಿಸೋದಿಲ್ಲ. ಆದರೂ ನಾವು ಮಾಡಬಹುದಾದ ಕೆಲಸ ಇವೆ.

1. ನಮ್ಮ ಶಾಲೆಯ ದಿಣ್ಣೆಯಲ್ಲಿ ಇಬ್ಬರು ಮೂವರು ಕೂತು ಸೈಕಲ್ ಬಿಡಬೇಡಿ. ಇಳಿದ ಮೇಲೆ ಸೈಕಲಿನ ಬ್ರೇಕ್ ರಬ್ಬರ್ ಹತ್ತಿರ ರಿಮ್ಮು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಲಾರಿಗೂ ಅದೇ ಆಗೋದು.

2. ಲಾರಿಯ ಹಿಂದಿನ ಚಕ್ರದ ಪಕ್ಕ, ತಿರುವಿನ ಒಳಗಡೆ ನಿಲ್ಲಬೇಡಿ. ಡ್ರೈವರಿಗೆ ನೀವು ಕಾಣೋದಿಲ್ಲ.

3. ನಿಮ್ಮ ಅಪ್ಪನೋ ಮಾವನೋ ಅಣ್ಣನೋ ಗಾಡಿ ಓಡಿಸುತ್ತಿದ್ದರೆ "ಯಾವಾಗ ಬರ್ತೀಯ, ಬೇಗ ಬಾ" ಅಂತ ಮೇಲಿಂದ ಮೇಲೆ ಫೋನ್ ಮಾಡಬೇಡಿ. ನಾನು ಮೊದಲು ಮಾಡುತ್ತಿದ್ದೆ. ಈಗ ಬಿಟ್ಟಿದ್ದೇನೆ. ಅಪ್ಪನೇ ಘಾಟಿ ಇಳಿದು ಗುಂಡ್ಯದಲ್ಲಿ ನಿಲ್ಲಿಸಿ ಫೋನ್ ಮಾಡುತ್ತಾರೆ. "ಇಳಿದೆ ಕಣಪ್ಪ" ಅನ್ನುತ್ತಾರೆ. ಅಷ್ಟು ಕೇಳಿದ ಮೇಲೆ ಅಮ್ಮ ಊಟ ಬಡಿಸುತ್ತಾರೆ.

ಈ ಲೇಖನ ಬರೆಯುತ್ತಿರುವಾಗ ಅಪ್ಪ ಮತ್ತೆ ಮಂಗಳೂರಿಗೆ ಹೋಗಿದ್ದಾರೆ. ಇನ್ನು ಮೇಲೆ ಯಾರಾದರೂ "ಆಮೆ ಡ್ರೈವರಿನ ಮಗ" ಅಂತ ಕರೆದರೆ ನಾನು ಜಗಳ ಮಾಡೋದಿಲ್ಲ. ಹೂಂ ಅನ್ನುತ್ತೇನೆ.

ನಿಧಾನವೇ ಪ್ರಧಾನ ಅಂತ ನಮ್ಮ ಶಾಲೆಯ ಗೋಡೆಯ ಮೇಲೆ ಬರೆದಿದೆ. ಅದರ ಅರ್ಥ ನನಗೆ ಘಾಟಿಯಲ್ಲಿ ಆಯಿತು. ತಪ್ಪಿದ್ದರೆ ಗುರುಗಳು ತಿದ್ದಬೇಕು ಎಂದು ಕೇಳಿಕೊಂಡು ನನ್ನ ಲೇಖನ ಮುಗಿಸುತ್ತೇನೆ.

— 7ನೇ ತರಗತಿ ವಿದ್ಯಾರ್ಥಿ